ಸೂಜಿ ಡಾಕ್ಟರನ ಖಾಲಿ ಸೀಸೆ

ಚಾರ್ಜ್ ಆಗದ ಫೋನು ಹಿಡಿದುಕೊಂಡು ಬಂದವರನ್ನು ಸೂಜಿ ಡಾಕ್ಟರ್ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಪರದೆ ಒಡೆದುಕೊಂಡು ಬಂದವರು ಪರವಾಗಿಲ್ಲ, ಕೈ ಜಾರಿದೆ, ಒಪ್ಪಿಕೊಳ್ಳುತ್ತಾರೆ. ನೀರಿಗೆ ಬೀಳಿಸಿದವರು ಮೂರ್ಖರು, ಆದರೂ ತಲೆ ತಗ್ಗಿಸಿ ಬರುತ್ತಾರೆ. ಚಾರ್ಜ್ ಆಗದವರದು ಮಾತ್ರ ಬೇರೆಯೇ ಧಾಟಿ. ಅವರು ಚಾರ್ಜರನ್ನು ಬೈಯುತ್ತಾರೆ, ವೈರನ್ನು ಬೈಯುತ್ತಾರೆ, ಮನೆಯ ಕರೆಂಟನ್ನು ಬೈಯುತ್ತಾರೆ, ಫೋನು ಮಾರಿದವನ ವಂಶವನ್ನೇ ಜಾಲಾಡುತ್ತಾರೆ. ತಮ್ಮ ಜೇಬಿನ ಸುದ್ದಿ ಮಾತ್ರ ಎತ್ತುವುದಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ಅವನು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಹೇಳಿದ ಮೇಲೆ ಅದನ್ನು ತಾನೇ ಕಟ್ಟಿದವನಂತೆ ಮೀಸೆ ಸವರಿಕೊಳ್ಳುತ್ತಿದ್ದ.

ಅವನ ಅಂಗಡಿ ಇದ್ದದ್ದು ಮೂರು ಅಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಮೆಟ್ಟಿಲು ಏರಿದ ಕಡೆ ಎತ್ತರ, ಇಳಿದ ಕಡೆ ಗಿಡ್ಡ. ಎತ್ತರದ ಕಡೆ ಅವನ ಸ್ಟೂಲು, ಗಿಡ್ಡ ಕಡೆ ಗಿರಾಕಿ. ಯಾರೇ ಬರಲಿ, ಕುತ್ತಿಗೆ ಬಗ್ಗಿಸಿಯೇ ನಿಲ್ಲಬೇಕು. ಜಾಗ ತೋರಿಸುವಾಗ ಕಟ್ಟಡದ ಯಜಮಾನ ಇದೊಂದು ಕೊರತೆ ಇದೆ ನೋಡಿ ಎಂದು ಸಂಕೋಚದಿಂದ ಹೇಳಿದ್ದ. ಡಾಕ್ಟರನಿಗೆ ಮನಸ್ಸಿಗೆ ಬಂದದ್ದೇ ಆ ಕೊರತೆ.

ಅವನ ವೈದ್ಯಕ್ಕೆ ಒಂದು ಕ್ರಮವಿತ್ತು. ಗಿರಾಕಿಯ ಮುಖ ನೋಡದೆ ಕೈ ಚಾಚಿ ಫೋನು ಇಸಿದುಕೊಳ್ಳುವುದು. ತನ್ನ ವೈರು ಚುಚ್ಚಿ, ಅದು ಪೂರ್ತಿ ಒಳಗೆ ಕೂರದೆ ಅಕ್ಕಿಕಾಳಿನಷ್ಟು ಹೊರಗೇ ಉಳಿಯುವುದನ್ನು ತೋರಿಸಿ "ಕಾಣ್ತಾ?" ಎಂದು ಕೇಳುವುದು. ಕಾಣದಿದ್ದರೂ ಅವರು ಕಾಣ್ತು ಎನ್ನುತ್ತಿದ್ದರು. ಆಮೇಲೆ ಬಲಗಣ್ಣಿಗೆ ಗಡಿಯಾರ ರಿಪೇರಿಯವರ ಮಸೂರ ಸಿಕ್ಕಿಸಿಕೊಂಡು, ಹಳೆಯ ಪೆನ್ನಿನ ಕೊಳವೆಗೆ ಕೂರಿಸಿದ ಹೊಲಿಗೆ ಸೂಜಿಯಿಂದ ಚಾರ್ಜಿಂಗ್ ತೂತಿನ ತಳ ಕೆರೆಯುವುದು. ಫೋನನ್ನು ತಿಂಗಳುಗಟ್ಟಲೆ ಜೇಬಲ್ಲಿಟ್ಟರೆ ಧೂಳು ಆ ತೂತಿಗೆ ಇಳಿಯುತ್ತದೆ. ದಿನಾ ವೈರು ಚುಚ್ಚಿ ಚುಚ್ಚಿ ನಾವೇ ಅದನ್ನು ತಳಕ್ಕೆ ಅದುಮುತ್ತೇವೆ. ಕೊನೆಗೆ ವೈರಿನ ಮೂತಿಗೆ ಜಾಗವೇ ಇರುವುದಿಲ್ಲ. ಬ್ಯಾಟರಿ ಗಟ್ಟಿಮುಟ್ಟಾಗಿರುತ್ತದೆ, ಚಾರ್ಜರೂ ಗಟ್ಟಿಮುಟ್ಟಾಗಿರುತ್ತದೆ, ನಡುವೆ ಒಂದು ಚಿಟಿಕೆ ಕಸ ಕೂತು ಇಬ್ಬರ ಮಾತು ಬಿಡಿಸಿರುತ್ತದೆ. ಅಲ್ಲಿಗೆ ಲೋಹದ ಸೂಜಿ ಹಾಕಬಾರದು, ಒಳಗಿನ ಪಿನ್ನು ಬಾಗುತ್ತದೆ, ಮರದ ಸಣ್ಣ ಕಡ್ಡಿಯೇ ಸರಿ ಎಂದು ತಿಳಿದವರು ಹೇಳುತ್ತಾರೆ. ಡಾಕ್ಟರ್ ತಿಳಿದವರಿಗೂ ಮೂಗು ಮುರಿಯುತ್ತಿದ್ದ. "ಮರದ ಕಡ್ಡಿ ಹಲ್ಲಿಗೆ, ಸೂಜಿ ಫೋನಿಗೆ," ಎನ್ನುತ್ತಿದ್ದ.

ಇಷ್ಟನ್ನು ಯಾವ ರಿಪೇರಿಯವನಾದರೂ ಮಾಡಿಯಾನು. ಅವನ ಹೆಸರು ನಾಲ್ಕು ಬೀದಿಗೆ ಹಬ್ಬಿದ್ದು ಆಮೇಲಿನ ಕೆಲಸದಿಂದ. ಕೆರೆದ ಕಸವನ್ನು ಬಿಳಿ ಕಾಗದದ ಮೇಲೆ ಕೊಡವಿ, ಸೂಜಿಯ ತುದಿಯಲ್ಲಿ ಬಿಡಿಸಿ, ಮೂಸಿ, ಅದು ಯಾವ ಕಸುಬಿನವರ ಕಸ ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳುತ್ತಿದ್ದ. ಹಿಟ್ಟು, ಸೀಮೆಸುಣ್ಣ, ಸಿಮೆಂಟು, ನೂಲು, ಕೂದಲು. ಯಾವತ್ತೂ ತಪ್ಪಿದ್ದಿಲ್ಲ. ಹೇಳಿ ಮುಗಿಸಿ ಫೋನು ವಾಪಸು ಕೊಡುವಾಗ ಎಲ್ಲರಿಗೂ ಒಂದೇ ಮಾತು: "ಜೇಬಿಗೊಂದು ಮುಚ್ಚಳ ಹೊಲಿಸ್ಕೊಳ್ಳಿ, ಇಲ್ಲಾ ಕಸುಬು ಬಿಡಿ."

ಕಸವನ್ನೂ ಎಸೆಯುತ್ತಿರಲಿಲ್ಲ. ಪಕ್ಕದ ಕ್ಲಿನಿಕ್ಕಿನಿಂದ ಇಂಜೆಕ್ಷನ್ನಿನ ಖಾಲಿ ಸೀಸೆಗಳನ್ನು ತಂದು, ತೊಳೆದು, ಒಂದೊಂದರ ಮೇಲೂ ಚೀಟಿ ಅಂಟಿಸಿ, ಗೋಡೆಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದ. ಗಿರಣಿ. ಟೈಲರು. ಮೇಷ್ಟ್ರು. ಗಾರೆ. ಬಡಗಿ. ಕ್ಷೌರ. ಕಾಯಿಲೆ ವಾಸಿಯಾಗಿ ಹೋಗುವವರು ಅಲ್ಲಿ ತಮ್ಮ ಸೀಸೆಯನ್ನು ನೋಡಿಕೊಂಡೇ ಹೋಗಬೇಕು. ಸಾಲಿನ ಕೊನೆಯಲ್ಲಿ ಒಂದೇ ಒಂದು ಖಾಲಿ ಸೀಸೆ ಇತ್ತು. ಅದರ ಚೀಟಿಯ ಮೇಲೆ ದಪ್ಪಕ್ಷರದಲ್ಲಿ 'ಆಫೀಸರ್' ಎಂದಿತ್ತು.

"ಅದ್ಯಾಕೆ ಖಾಲಿ?" ಎಂದು ಯಾರಾದರೂ ಕೇಳಲಿ ಎಂದೇ ಅವನು ಕಾಯುತ್ತಿದ್ದ. ಕೇಳಿದರೆ ಸೂಜಿ ಕೆಳಗಿಟ್ಟು, ಮಸೂರ ತೆಗೆದು, ಮೊದಲ ಸಲ ಗಿರಾಕಿಯ ಮುಖ ನೋಡುತ್ತಿದ್ದ. "ಅದು ನನ್ನ ಮಗಳ್ದು. ದೊಡ್ಡ ಪರೀಕ್ಷೆಗೆ ಓದ್ತಿದ್ದಾಳೆ. ನಾಳೆ ತಿರುಗೋ ಕುರ್ಚಿ ಮೇಲೆ ಕೂರೋಳು. ಅವಳ ಫೋನಿಗೆ ಧೂಳು ಎಲ್ಲಿಂದ ಬರ್ಬೇಕು? ಆ ಸೀಸೆ ಖಾಲಿ ಇರೋದಕ್ಕೇ ಇಟ್ಟಿರೋದು."

ಈ ಒಂದು ಮಾತಿಗೋಸ್ಕರ ಅವನು ಬದುಕಿದ್ದ ಎಂದರೂ ತಪ್ಪಿಲ್ಲ. ಇಪ್ಪತ್ತೆರಡು ವರ್ಷ ಬೆನ್ನು ಬಗ್ಗಿಸಿ ಬಗ್ಗಿಸಿ ಅವನ ಕುತ್ತಿಗೆಯ ಹಿಂದೆ ಒಂದು ಗಂಟು ಎದ್ದಿತ್ತು. ಬೆರಳ ತುದಿಗಳು ಬೆಸುಗೆಯ ಕಾವಿಗೆ ಸುಟ್ಟು ಸ್ಪರ್ಶ ಕಳೆದುಕೊಂಡಿದ್ದವು. ಕೈಗೆ ಮಣ್ಣು ಮೆತ್ತಿಕೊಳ್ಳುವ ಯಾವ ಕಸುಬನ್ನೂ ಅವನು ಗೌರವಿಸಲಿಲ್ಲ, ತನ್ನದನ್ನು ಎಲ್ಲಕ್ಕಿಂತ ಕಡಿಮೆ ಗೌರವಿಸಿದ. ಮಗಳೊಬ್ಬಳು ನೆಟ್ಟಗೆ ಕೂತು, ಶುಭ್ರ ಕೈಯಲ್ಲಿ ರುಜು ಹಾಕಿದರೆ ತನ್ನ ಗೂನಿಗೆಲ್ಲ ಅರ್ಥ ಬರುತ್ತದೆ ಎಂದು ಅವನು ನಂಬಿಕೊಂಡಿದ್ದ. ಹಾಗೆಂದು ಬೀದಿಗೆಲ್ಲ ಸಾರಿಕೊಂಡೂ ಬಂದಿದ್ದ.

ಆ ಮಗಳ ಫೋನು ಚಾರ್ಜ್ ಆಗದೆ ಒಂದೂವರೆ ತಿಂಗಳಾಗಿತ್ತು.

ಮೊದಲ ಸಲ ಹೇಳಿದಾಗ ಅವನು ಊಟ ಮಾಡುತ್ತಿದ್ದ. "ಹಾಸಿಗೇಲಿ ಬಿದ್ಕೊಂಡು ಒತ್ತಾಡಿದ್ರೆ ಇನ್ನೇನಾಗುತ್ತೆ," ಎಂದ. ಎರಡನೆಯ ಸಲ ಹೇಳಿದಾಗ "ನೆಟ್ಟಗೆ ಚುಚ್ಚೋದು ಕಲಿ" ಎಂದ. ಮೂರನೆಯ ಸಲ ಕೇಳಿಸಿಕೊಳ್ಳಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಇಲ್ಲಿ ಗಿಡಕ್ಕೇ ಮದ್ದಾಗುವ ಮನಸ್ಸಿರಲಿಲ್ಲ. ಮಗಳು ತಾನೇ ಒಂದು ಉಪಾಯ ಕಂಡುಕೊಂಡಿದ್ದಳು. ವೈರನ್ನು ಒಂದು ಓರೆಗೆ ಬಗ್ಗಿಸಿ ಹಿಡಿದು ಅದರ ಮೇಲೆ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಹೇರಿದರೆ, ರಾತ್ರಿ ಪೂರ್ತಿಗೆ ಮೂವತ್ತೋ ನಲವತ್ತೋ ಏರುತ್ತಿತ್ತು. ಬೆಳಿಗ್ಗೆ ಎದ್ದಾಗಲೆಲ್ಲ ಆ ಪುಸ್ತಕ ಅವಳ ತಲೆದೆಸೆಯಲ್ಲಿ ಇರುವುದನ್ನು ನೋಡಿ ಡಾಕ್ಟರ್ ಸಂತೋಷಪಡುತ್ತಿದ್ದ. "ಓದ್ತಾ ಓದ್ತಾನೇ ಮಲಗಿಬಿಟ್ಟಿದೆ ನೋಡು," ಎಂದು ಹೆಂಡತಿಗೆ ಹೇಳುತ್ತಿದ್ದ. ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು.

ಈ ಬೆಳಿಗ್ಗೆ ಪುಸ್ತಕ ಹೇರಿದ್ದೂ ನಡೆಯಲಿಲ್ಲ. ಫೋನು ಎರಡು ಪರ್ಸೆಂಟಿಗೆ ಬಂದು ನಿಂತಿತ್ತು. ಮಗಳು ಬಾಗಿಲಲ್ಲಿ ನಿಂತು ಹೇಳಿದಳು, "ಅಪ್ಪ, ಇವತ್ತು ಹನ್ನೆರಡು ಗಂಟೆಗೆ ನಂಗೊಂದು ಫೋನ್ ಬರುತ್ತೆ. ತಗೊಳ್ತಾರೋ ಇಲ್ವೋ ಅಂತ ಅವಾಗ ಹೇಳ್ತಾರೆ. ದಯವಿಟ್ಟು ಇದನ್ನೊಂದು ಸಲ ನೋಡಿ."

'ತಗೊಳ್ತಾರೋ ಇಲ್ವೋ' ಎಂಬುದಷ್ಟೇ ಅವನ ಕಿವಿಗೆ ಬಿದ್ದದ್ದು. ಯಾರು, ಎಲ್ಲಿಗೆ, ಯಾತಕ್ಕೆ ಎಂದು ಕೇಳಬೇಕೆಂದೂ ಅನಿಸಲಿಲ್ಲ. ಕೇಳುವುದೇನಿದೆ? ಚಪ್ಪಲಿ ಮೆಟ್ಟಿ ಹೊರಟವನು ಅಂಗಡಿ ಮುಟ್ಟುವಷ್ಟರಲ್ಲಿ ಕ್ಲಿನಿಕ್ಕಿನ ಕಾಂಪೌಂಡರಿಗೆ, ಇಸ್ತ್ರಿಯವನಿಗೆ, ಮೂರನೇ ಮಹಡಿಯ ವಕೀಲರ ಗುಮಾಸ್ತನಿಗೆ, ಹನ್ನೆರಡು ಗಂಟೆಗೆ ಮಗಳಿಗೆ ಆಫೀಸಿನಿಂದ ಫೋನು ಬರುವ ವಿಷಯ ತಿಳಿಸಿಯಾಗಿತ್ತು. ಎರಡು ಪರ್ಸೆಂಟಿನ ಫೋನು ಮಾತ್ರ ಮನೆಯಲ್ಲೇ ಉಳಿದಿತ್ತು.

ಹನ್ನೊಂದೂವರೆಗೆ ಅಂಗಡಿಯಲ್ಲಿ ಇಬ್ಬರು ಕುತ್ತಿಗೆ ಬಗ್ಗಿಸಿ ನಿಂತಿದ್ದರು. ಒಬ್ಬಳು ಹಿಂದಿನ ಬೀದಿಯ ಹಿಟ್ಟಿನ ಗಿರಣಿಯಾಕೆ, ರೆಪ್ಪೆಯ ಮೇಲೂ ಬಿಳಿ. ಇನ್ನೊಬ್ಬ ಮುದುಕ ಬಡಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲು.

"ಏನಮ್ಮ, ಚಾರ್ಜರು ಎಷ್ಟು ಬದಲಾಯಿಸಿದೆ?" ಡಾಕ್ಟರ್ ಗಿರಣಿಯಾಕೆಯ ಫೋನು ಕೆರೆಯುತ್ತ ಕೇಳಿದ.

"ಎರಡು," ಎಂದಳು ಆಕೆ.

"ಬುದ್ಧಿ ಬದಲಾಯಿಸಿಕೊಂಡಿದ್ರೆ ಒಂದರಲ್ಲೇ ಮುಗೀತಿತ್ತು." ಕಾಗದದ ಮೇಲೆ ಬಿಳಿಯ ಗಟ್ಟಿ ಉಂಡೆಯೊಂದು ಉದುರಿತು. ಅವನು ಅದನ್ನು ಸೂಜಿಯಿಂದ ಒಡೆದು ಮೂಸಿದ. "ಹಿಟ್ಟು. ಅದರಲ್ಲೂ ಗೋಧಿ. ಜೋಳ ಆಗಿದ್ರೆ ಇಷ್ಟು ಅಂಟಲ್ಲ."

"ನಾನು ಗಿರಣಿಯವಳು ಅಂತ ನಿಮಗೆ ಗೊತ್ತೇ ಇದೆಯಲ್ಲ ಡಾಕ್ಟ್ರೇ. ಮೈಯೆಲ್ಲ ಹಿಟ್ಟು ಮಾಡ್ಕೊಂಡು ಎದುರಿಗೇ ನಿಂತಿದ್ದೀನಿ."

"ನೀನು ಹೇಳೋದು ಬೇರೆ, ಧೂಳು ಹೇಳೋದು ಬೇರೆ. ಮನುಷ್ಯರು ಸುಳ್ಳು ಹೇಳ್ತಾರೆ." ಅವನು ಉಂಡೆಯನ್ನು ಗಿರಣಿಯ ಸೀಸೆಗೆ ಹಾಕಿ, ಫೋನಿಗೆ ವೈರು ಚುಚ್ಚಿದ. ಈ ಸಲ ಅದು ಟಕ್ಕೆಂದು ಕೂತಿತು. "ಹತ್ತು ಪರ್ಸೆಂಟ್ ಆಗೋವರೆಗೂ ಇಲ್ಲೇ ನಿಂತು ನೋಡು. ಆಮೇಲೆ ಮನೆಗೆ ಹೋಗಿ ಆಗ್ತಿಲ್ಲ ಅಂತ ಬರಬೇಡ. ಜೇಬಿಗೊಂದು ಮುಚ್ಚಳ ಹೊಲಿಸ್ಕೊ, ಇಲ್ಲಾ ಕಸುಬು ಬಿಡು."

ಗಿರಣಿಯಾಕೆ ಫೋನಿನ ಮೇಲೆ ಕಣ್ಣಿಟ್ಟು ನಿಂತಳು. ಇಂಥ ಮಾತುಗಳನ್ನು ನುಂಗಿಕೊಳ್ಳುವ ಅಭ್ಯಾಸ ಆಕೆಗಿತ್ತು. ಇಡೀ ಪೇಟೆಯಲ್ಲಿ ಫೋನು ಒಂದೇ ಏಟಿಗೆ ಸರಿ ಮಾಡುವವನು ಇವನೊಬ್ಬನೇ ಆದ್ದರಿಂದ ಎಲ್ಲರಿಗೂ ಇತ್ತು.

"ನಿಂದೇನಯ್ಯಾ ಮತ್ತೆ? ಹೋದ ತಿಂಗಳು ತಾನೇ ಬಂದಿದ್ದೆ," ಎಂದು ಅವನು ತನಗಿಂತ ಹದಿನೈದು ವರ್ಷ ಹಿರಿಯನಾದ ಬಡಗಿಯ ಕಡೆ ತಿರುಗಿದ. "ನೀನು ಇಟ್ಕೊಂಡಿರೋದು ಫೋನಲ್ಲ, ಮರ ಕುಯ್ಯೋ ಮಿಲ್ಲು."

ಬಡಗಿ ಫೋನು ಕೊಡುವಷ್ಟರಲ್ಲಿ ಅವನ ಹಿಂದೆ ಮೆಟ್ಟಿಲ ನೆರಳಿನಲ್ಲಿ ಮಗಳು ಬಂದು ನಿಂತದ್ದು ಕಾಣಿಸಿತು. ನೇರ ಒಳಗೆ ಬರಬಹುದಿತ್ತು. ಬರಲಿಲ್ಲ, ಗಿರಾಕಿಯ ಹಾಗೆ ಸಾಲಿನ ಕೊನೆಯಲ್ಲಿ ನಿಂತಳು.

"ಇವಳೇ," ಎಂದ ಡಾಕ್ಟರ್, ಮಸೂರ ತೆಗೆದು. ದನಿಯೇ ಬೇರೆಯಾಗಿತ್ತು. "ಹೇಳಿದ್ನಲ್ಲ, ಆಫೀಸಿಂದ ಫೋನ್ ಬರೋದು ಇವಳಿಗೇ."

"ಆಫೀಸಿಂದ ಅಂತ ನಾನು ಹೇಳಿಲ್ಲ ಅಪ್ಪ," ಎಂದಳು ಮಗಳು. "ಫೋನು ಆಫ್ ಆಯ್ತು. ಇನ್ನು ಅರ್ಧ ಗಂಟೆ ಇದೆ."

ಬಡಗಿ ತಾನಾಗಿಯೇ ಪಕ್ಕಕ್ಕೆ ಸರಿದ. "ಮೊದಲು ಮಗೂದು ನೋಡಿ, ನಂದೇನು ಅವಸರ ಇಲ್ಲ."

"ಸಿಮ್ ತೆಗೆದು ನನ್ನ ಫೋನಿಗೆ ಹಾಕ್ತೀನಿ. ಎರಡು ನಿಮಿಷದ ಕೆಲಸ," ಎಂದ ಡಾಕ್ಟರ್.

"ಬೇಡ. ಅವರು ಫೋಟೋ ಕೇಳ್ತಾರೆ. ಎಲ್ಲಾ ಇದರಲ್ಲೇ ಇದೆ. ಇದನ್ನೇ ಸರಿ ಮಾಡಿ."

ಸರ್ಟಿಫಿಕೇಟುಗಳ ಫೋಟೋ ಇರಬೇಕು ಎಂದುಕೊಂಡ. ಫೋನು ಇಸಿದುಕೊಂಡು ವೈರು ಚುಚ್ಚಿದ. ಅಕ್ಕಿಕಾಳಲ್ಲ, ಉದ್ದಿನಕಾಳು ಎರಡು ಹಿಡಿಸುವಷ್ಟು ಹೊರಗೆ ಉಳಿಯಿತು. ಅಷ್ಟು ಅಡಕವಾಗಿ ತುಂಬಿದ್ದನ್ನು ಅವನು ಈಚೆಗೆ ಕಂಡಿರಲಿಲ್ಲ. ಗಿರಣಿಯಾಕೆ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು. "ಓದೋ ಮಕ್ಕಳ್ದು ನೋಡಮ್ಮ. ಪುಸ್ತಕದ ನಾರು ಇಳಿದಿರುತ್ತೆ," ಎಂದು ಅವಳಿಗೆ ಹೇಳುತ್ತ ಮಸೂರ ಸಿಕ್ಕಿಸಿಕೊಂಡು ಸೂಜಿ ಇಳಿಸಿದ.

ಕಾಗದದ ಮೇಲೆ ಉದುರಿದ್ದು ಕಪ್ಪುಗೆಂಪು ಬಣ್ಣದ ಪುಡಿ. ಮೊದಲು ಒಂದು ಚೂರು, ಆಮೇಲೆ ಇನ್ನೊಂದು, ಆಮೇಲೆ ಅಚ್ಚಿನಿಂದ ಬಿಟ್ಟಂತೆ ಒಂದು ಇಡೀ ಬಿಲ್ಲೆ. ಅವನು ಅಭ್ಯಾಸಬಲದಿಂದ ಅದನ್ನು ಒಡೆದ. ಅಭ್ಯಾಸಬಲದಿಂದ ಮೂಸಿದ. ಅಭ್ಯಾಸಬಲದಿಂದ ಬಾಯಿ ತೆರೆದ.

ತೆರೆದ ಬಾಯಿ ಹಾಗೇ ಉಳಿಯಿತು. ಈ ಪುಡಿ ಅವನಿಗೆ ಚೆನ್ನಾಗಿ ಗೊತ್ತು. ಹಲಗೆಯ ಮೇಲೆ ಐದನೆಯ ಸೀಸೆಯಲ್ಲಿ ಇದರ ಅಣ್ಣತಮ್ಮಂದಿರು ಇದ್ದರು.

"ಏನಂತೆ ಡಾಕ್ಟ್ರೇ?" ಗಿರಣಿಯಾಕೆ ಕೇಳಿದಳು. ಆಕೆಯ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ. ಈ ಅಂಗಡಿಯಲ್ಲಿ ಕಾಗದದ ಮೇಲೆ ಕಸ ಬಿದ್ದ ಮೇಲೆ ಡಾಕ್ಟರ್ ಹೇಳುವುದು, ಉಳಿದವರು ಕೇಳುವುದು ವಾಡಿಕೆ, ಅಷ್ಟೇ.

"ಪುಸ್ತಕದ ಧೂಳು," ಎಂದ ಡಾಕ್ಟರ್. ಇಪ್ಪತ್ತೆರಡು ವರ್ಷದಲ್ಲಿ ಕಾಗದದ ಮುಂದೆ ಕೂತು ಅವನು ಹೇಳಿದ ಮೊದಲ ಸುಳ್ಳು ಅದು. ಹೇಳಿದ ರೀತಿಯೂ ಮೊದಲ ಸುಳ್ಳಿನ ಹಾಗೇ ಇತ್ತು.

ಬಡಗಿ ಬಗ್ಗಿದ. ಎರಡು ಬೆರಳಲ್ಲಿ ಚಿಟಿಕೆ ಪುಡಿ ತೆಗೆದು ಉಜ್ಜಿ, ಮೂಗಿನ ಹತ್ತಿರ ಹಿಡಿದ. "ಪುಸ್ತಕ ಎಲ್ಲಿ ಬಂತು ಸ್ವಾಮಿ? ಇದು ಬೀಟೆ ಮರದ ಪುಡಿ. ಪ್ಲೈವುಡ್ ಆಗಿದ್ರೆ ಗೋಂದಿನ ವಾಸನೆ ಬರ್ಬೇಕಿತ್ತು, ಇದು ಒಳ್ಳೇ ಹಳೇ ಬೀಟೆ. ಗರಗಸದ ಪುಡಿ ಇಷ್ಟು ನಯ ಇರಲ್ಲ, ಇದು ಪಾಲಿಶ್ ಪೇಪರಲ್ಲಿ ಕೈಯಿಂದ ಉಜ್ಜಿದ್ದು. ಯಾರೋ ತುಂಬ ತಾಳ್ಮೆಯಿಂದ ಉಜ್ಜಿದ್ದಾರೆ." ಹೇಳಿದ ಮೇಲೆ ಅವನಿಗೆ ಡಾಕ್ಟರನ ಮುಖ ಕಂಡಿತು. ಕಿವಿಯ ಪೆನ್ಸಿಲು ಮುಟ್ಟಿಕೊಂಡ.

ಡಾಕ್ಟರ್ ಮಗಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಎಂಟು ತಿಂಗಳಾಯ್ತು," ಎಂದಳು. "ಲೈಬ್ರರಿ ಹಿಂದೆ ಒಂದು ಕುರ್ಚಿ ಮಾಡೋ ಶೆಡ್ ಇದೆ. ಹಳೇ ಕುರ್ಚಿ ರಿಪೇರಿ ಮಾಡ್ತಾರೆ, ಹೊಸದೂ ಮಾಡ್ತಾರೆ. ಅಲ್ಲಿ ಕಲೀತಿದ್ದೀನಿ. ಹನ್ನೆರಡಕ್ಕೆ ಫೋನ್ ಮಾಡೋರು ದೊಡ್ಡ ಕಾರ್ಖಾನೆಯೋರು. ನಾನು ಮಾಡಿದ ಕುರ್ಚಿ ಫೋಟೋ ನೋಡಿ ಕೆಲಸಕ್ಕೆ ತಗೊಳ್ತಾರಂತೆ."

"ಪರೀಕ್ಷೆ?"

"ಈ ಸಲ ಬರೀಲೇ ಇಲ್ಲ ಅಪ್ಪ."

"ನಿಮ್ಮಮ್ಮಂಗೆ?"

"ಗೊತ್ತು."

ಡಾಕ್ಟರನಿಗೆ ಮೈಯೆಲ್ಲ ಉರಿಯಿತು. ಮೊದಲು ಉರಿದದ್ದು ಮಗಳು ಮುಚ್ಚಿಟ್ಟಳು ಎಂದಲ್ಲ, ಗಿರಣಿಯಾಕೆಯ ಎದುರು ಗೊತ್ತಾಯಿತು ಎಂದು. ಅವನ ಯೋಗ್ಯತೆ ಅಷ್ಟೇ. ಬೆಳಿಗ್ಗೆಯಿಂದ ಯಾರು ಯಾರಿಗೆ ಹೇಳಿದ್ದೇನೆ ಎಂದು ಮನಸ್ಸಿನಲ್ಲೇ ಎಣಿಸಿದ. ಕಾಂಪೌಂಡರು, ಇಸ್ತ್ರಿಯವನು, ಗುಮಾಸ್ತ. "ಮಾನ ತೆಗೆದೆ," ಎಂದ, ಹಲ್ಲು ಕಚ್ಚಿಕೊಂಡು. "ಮನೇಲಿ ಹೇಳೋಕೆ ಏನಾಗಿತ್ತು ನಿಂಗೆ? ನಾಲ್ಕು ಜನರ ಮುಂದೆ ತಂದು ಇಡ್ಬೇಕಿತ್ತಾ?"

"ಮನೇಲಿ ಎಷ್ಟು ಸಲ ಹೇಳೋಕೆ ಬಂದೆ," ಎಂದಳು ಮಗಳು. ದನಿ ಏರಿಸಲಿಲ್ಲ. "ಫೋನು ನೋಡಿ ಅಂದೆ, ನೋಡ್ಲಿಲ್ಲ. ನೋಡಿದ್ರೆ ಅವತ್ತೇ ನಿಮಗೆ ಗೊತ್ತಾಗ್ತಿತ್ತು. ಮನುಷ್ಯರು ಹೇಳಿದ್ದು ನೀವು ಕೇಳಲ್ಲ. ಧೂಳು ಹೇಳಿದ್ರೆ ನಂಬ್ತೀರಿ. ಅದಕ್ಕೇ ಒಂದೂವರೆ ತಿಂಗಳಿಂದ ನಾನು ಅದನ್ನ ಬೇರೆ ಯಾರ ಹತ್ರನೂ ಕ್ಲೀನ್ ಮಾಡಿಸಿಲ್ಲ."

ಮೆಟ್ಟಿಲ ಮೇಲೆ ಯಾರೋ ಇಳಿದು ಹೋದರು. ಅವರ ಹೆಜ್ಜೆ ಅವನ ತಲೆಯ ಮೇಲೆ ಒಂದೊಂದಾಗಿ ಸರಿಯಿತು. ಗೋಡೆಯ ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು.

ಮಾತಾಡಿ ಗೊತ್ತಿಲ್ಲದವನು ಕೆಲಸ ಮಾಡುತ್ತಾನೆ. ಡಾಕ್ಟರ್ ಮತ್ತೆ ವೈರು ಚುಚ್ಚಿದ. ಮುಕ್ಕಾಲು ಪಾಲು ಒಳಗೆ ಹೋಯಿತು, ಪರದೆ ಕಪ್ಪಾಗಿಯೇ ಇತ್ತು. ಬೇರೆ ವೈರು ತಂದ. ಬೇರೆ ಚಾರ್ಜರು ತಂದ. ಏನೂ ಇಲ್ಲ. ಗಿರಾಕಿಗಳು ಬೈಯುವ ಹಾಗೇ ಅವನೂ ಚಾರ್ಜರನ್ನು ಬೈದುಕೊಂಡ. ಮಸೂರದಲ್ಲಿ ನೋಡಿದ. ತೂತಿನ ಒಂದು ಮೂಲೆಯಲ್ಲಿ, ಪಿನ್ನುಗಳ ಹಿಂದೆ, ಪುಡಿಗೆ ಪಾಲಿಶಿನ ಜಿಡ್ಡು ಸೇರಿ ಅಂಟಿನಂತೆ ಗಟ್ಟಿಯಾಗಿತ್ತು. ಸೂಜಿ ಇಳಿಸಿದ. ಸೂಜಿ ಕಿರ್ರೆಂದು ಜಾರಿ ಪಿನ್ನಿನ ಮೇಲೆ ಹರಿಯಿತು. ಇನ್ನೊಂದು ಸಲ ಹೀಗಾದರೆ ಪಿನ್ನು ಹೋಗುತ್ತದೆ, ಫೋನು ಹೋಗುತ್ತದೆ, ಫೋಟೋ ಹೋಗುತ್ತದೆ, ಹನ್ನೆರಡು ಗಂಟೆ ಹೋಗುತ್ತದೆ. ಒಂದು ಕ್ಷಣ, ಹೋಗಲಿ ಎಂದೂ ಅವನಿಗೆ ಅನಿಸಿತು. ಬರೀ ಒಂದು ಕ್ಷಣ. ಆದರೆ ಅನಿಸಿದ್ದು ನಿಜ, ಅದು ಅವನಿಗೇ ಗೊತ್ತಾಯಿತು, ಗೊತ್ತಾಗಿ ತನ್ನ ಮೇಲೇ ಹೇಸಿಗೆಯಾಯಿತು. ಗಿರಣಿಯಾಕೆಯ ಮೇಲೆ, ಬಡಗಿಯ ಮೇಲೆ, ಇಡೀ ಪೇಟೆಯ ಮೇಲೆ ಇಷ್ಟು ವರ್ಷ ಪಟ್ಟ ಹೇಸಿಗೆಯೆಲ್ಲ ಇದರ ಮುಂದೆ ಏನೂ ಅಲ್ಲ.

ಅವನು ಸೂಜಿ ಕೆಳಗಿಟ್ಟ. "ನನ್ನ ಕೈಲಿ ಆಗ್ತಿಲ್ಲ," ಎಂದ.

"ನಾನು ನೋಡ್ತೀನಿ, ಈ ಕಡೆ ಕೊಡಿ," ಎಂದು ಮಗಳು ಬ್ಯಾಗಿನಿಂದ ಒಂದು ಬಟ್ಟೆಯ ಸುರುಳಿ ಬಿಚ್ಚಿದಳು. ಸಣ್ಣ ಉಳಿಗಳ ನಡುವೆ ಹುಲ್ಲುಕಡ್ಡಿಯಷ್ಟು ತೆಳ್ಳಗಿನ ಮರದ ಸೀಳು ಒಂದಿತ್ತು, ತುದಿ ಚಪ್ಪಟೆಯಾಗಿ ಹೆರೆದದ್ದು. "ಕೆತ್ತನೆ ಸಂದೀಲಿ ಪುಡಿ ತೆಗೆಯೋಕೆ ಮಾಡ್ಕೊಂಡಿದ್ದು."

ಸ್ಟೂಲು ಅವಳಿಗೆ ಬಿಟ್ಟುಕೊಡಲು ಅವನು ಎದ್ದು ಗಿಡ್ಡ ಕಡೆಗೆ ಬಂದ. ಅಲ್ಲಿ ನಿಂತು ಅವನಿಗೆ ಅಭ್ಯಾಸವಿಲ್ಲ. ತಲೆ ಮೆಟ್ಟಿಲಿಗೆ ಬಡಿಯಿತು. ಬಡಗಿ ತೋಳು ಹಿಡಿದು ಬಗ್ಗಿಸಿದ. ಮೂವರೂ ಕುತ್ತಿಗೆ ಬಗ್ಗಿಸಿ ಸಾಲಾಗಿ ನಿಂತರು.

ಮಗಳು ಮಸೂರವನ್ನೂ ಕೇಳಲಿಲ್ಲ. ಎಡಗೈಯಲ್ಲಿ ಫೋನು ಹಿಡಿದು, ಬಲಗೈಯಲ್ಲಿ ಸೀಳನ್ನು ಇಳಿಸಿ, ಒತ್ತದೆ, ಅವಸರ ಮಾಡದೆ, ಎಳೆಎಳೆಯಾಗಿ ಆ ಜಿಡ್ಡನ್ನು ಬಿಡಿಸತೊಡಗಿದಳು. ಡಾಕ್ಟರ್ ಅವಳ ಕೈ ನೋಡಿದ. ಹೆಬ್ಬೆರಳ ಬುಡದಲ್ಲಿ ವಾಸಿಯಾದ ಉದ್ದನೆಯ ಗಾಯ. ಉಗುರಿನ ಅಂಚಿನಲ್ಲಿ ಹೋಗದ ಕಂದು ಬಣ್ಣ. ಬೆರಳ ತುದಿಗಳು ದಡ್ಡುಗಟ್ಟಿದ್ದವು, ತನ್ನವುಗಳ ಹಾಗೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಎಂಟು ತಿಂಗಳು ದಿನಾ ರಾತ್ರಿ ಇದೇ ಕೈ ಅವನ ತಟ್ಟೆಗೆ ಅನ್ನ ಬಡಿಸಿತ್ತು. ಊರಿನವರ ಜೇಬಿನ ಕಸ ಮಸೂರ ಹಾಕಿ ಓದುವವನು ಆ ಕೈಯನ್ನು ಒಂದು ಸಲವೂ ನೋಡಿರಲಿಲ್ಲ.

ಮೂಲೆಯ ಜಿಡ್ಡು ಒಂದೇ ತುಂಡಾಗಿ ಬಂತು. ಅವಳು ವೈರು ಚುಚ್ಚಿದಳು. ಟಕ್. ಕಪ್ಪು ಪರದೆಯ ಮೇಲೆ ಪುಟ್ಟ ಬ್ಯಾಟರಿಯ ಚಿತ್ರ ಮೂಡಿತು, ತಳದಲ್ಲಿ ಒಂದು ಗೆರೆ ಕೆಂಪು.

"ಆಯ್ತು," ಎಂದಳು ಗಿರಣಿಯಾಕೆ, ತನ್ನದೇ ಫೋನು ಸರಿಯಾದ ಹಾಗೆ ಉಸಿರು ಬಿಟ್ಟು.

ಹನ್ನೆರಡು ಹೊಡೆದು ಎರಡು ನಿಮಿಷಕ್ಕೆ ಫೋನು ಬಂತು. ಮಗಳು ವೈರು ಕೀಳದೆಯೇ ಅಲ್ಲೇ ಕೂತು ಮಾತಾಡಿದಳು. ಡಾಕ್ಟರನಿಗೆ ಆ ಕಡೆಯ ಮಾತು ಕೇಳಲಿಲ್ಲ, ಈ ಕಡೆಯದು ಕೇಳಿತು. "ಹೌದು ಸಾರ್, ಕಳಿಸ್ದೆ, ನೋಡಿ... ಕೈ ಹಿಡಿಕೆ ಕೆತ್ತಿದ್ದು ನಾನೇ... ಇಲ್ಲ ಸಾರ್, ಮೊಳೆ ಒಂದೂ ಹೊಡೆದಿಲ್ಲ, ಎಲ್ಲಾ ಕಚ್ಚು ಹಾಕಿ ಕೂರಿಸಿದ್ದು... ಹಿಂದಿನ ಕಾಲು ಒಂದು ಎಳೆ ವಾರೆ ಇದೆ, ನಂಗೂ ಗೊತ್ತು, ಮುಂದಿನದ್ರಲ್ಲಿ ಸರಿ ಮಾಡಿದ್ದೀನಿ." ತಾನು ಮಾಡಿದ ತಪ್ಪನ್ನು ಹೀಗೆ ನೆಟ್ಟಗೆ ಒಪ್ಪಿಕೊಂಡು ಮಾತಾಡುವ ಗಿರಾಕಿ ಅವನ ಅಂಗಡಿಗೆ ಇವತ್ತಿನವರೆಗೆ ಬಂದಿರಲಿಲ್ಲ. ಪರದೆಯ ಮೇಲೆ ಕುರ್ಚಿಯ ಫೋಟೋ ಕಾಣುತ್ತಿತ್ತು. ಕಪ್ಪುಗೆಂಪು ಮರ, ಬೆನ್ನಿಗೆ ಒರಗು, ಕೈ ಇಡುವ ಕಡೆ ಸವರಿದಷ್ಟು ನಯ. ಯಾರೇ ಕೂತರೂ ನೆಟ್ಟಗೆ ಕೂರಬೇಕು, ಹಾಗಿತ್ತು. ಅದು ತಿರುಗುವ ಕುರ್ಚಿ ಅಲ್ಲ.

"ಸೋಮವಾರ ಬರ್ತೀನಿ ಸಾರ್," ಎಂದು ಮಗಳು ಫೋನು ಇಟ್ಟಳು. ಇಟ್ಟ ಮೇಲೆ ಅಪ್ಪನ ಕಡೆ ನೋಡಿದಳು. ಅವನಿಂದ ಏನಾದರೂ ಬರಲಿ ಎಂದು ಅವಳು ಕಾಯುತ್ತಿದ್ದಳು, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅವನು ಮಸೂರವನ್ನು ಅಂಗಿಯ ತುದಿಗೆ ಉಜ್ಜುತ್ತಿದ್ದ. ಅವಳು ಪುಡಿ ಬಿದ್ದಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವನ ಕೈಗಿಟ್ಟಳು. "ಯಾವ ಸೀಸೆಗೆ ಹಾಕ್ತೀರೋ ಹಾಕಿ," ಎಂದಳು. ಸುರುಳಿ ಸುತ್ತಿಕೊಂಡು, ಗಿರಣಿಯಾಕೆಗೂ ಬಡಗಿಗೂ ಬರ್ತೀನಿ ಎಂದು ಹೇಳಿ, ಬೀದಿಗೆ ಇಳಿದಳು.

ಡಾಕ್ಟರ್ ಸ್ಟೂಲಿನ ಕಡೆ ಹೋಗಿ, ಕೂರದೆ ಹಲಗೆಯ ಮುಂದೆ ನಿಂತ. ಐದನೆಯ ಸೀಸೆ ಬಡಗಿಯದು, ಅದರಲ್ಲಿ ಇನ್ನೂ ಜಾಗವಿತ್ತು. ಅದನ್ನು ತೆಗೆದ. ಮುಚ್ಚಳ ಬಿಚ್ಚಿದ. ಮತ್ತೆ ಹಾಕಿ ಇಟ್ಟ. ಕೊನೆಯಲ್ಲಿದ್ದ ಖಾಲಿ ಸೀಸೆ ತೆಗೆದು, ಕಾಗದದ ಮಡಿಕೆ ಬಿಚ್ಚಿ, ಒಂದು ಚೂರೂ ಚೆಲ್ಲದ ಹಾಗೆ ಪುಡಿಯನ್ನು ಅದಕ್ಕೆ ಇಳಿಸಿದ. ತಳ ಮುಚ್ಚುವಷ್ಟು ಬಂತು. ಚೀಟಿ ಕೀಳಲು ಉಗುರು ಹಾಕಿದವನು, ಯಾಕೋ ಬಿಟ್ಟ.

ಗಿರಣಿಯಾಕೆಯ ಫೋನು ಹತ್ತು ದಾಟಿ ಇಪ್ಪತ್ತಕ್ಕೆ ಬಂದಿತ್ತು. ಆಕೆ ಅದನ್ನು ಕಿತ್ತು, ಸೆರಗಿನಿಂದ ಒರೆಸಿ, ಹೊರಡಲು ಬಗ್ಗಿದಳು. ಬಗ್ಗಿದವಳು ನಿಂತಳು.

"ಡಾಕ್ಟ್ರೇ," ಎಂದಳು. ಆಕೆಗೆ ಚುಚ್ಚಬೇಕೆಂದಿರಲಿಲ್ಲ, ಈ ಅಂಗಡಿಯಲ್ಲಿ ಫೋನು ಸರಿಯಾದ ಮೇಲೆ ಹೇಳುವ ಮಾತು ಒಂದಿದೆ, ಇವತ್ತು ಯಾರೂ ಅದನ್ನು ಆ ಹುಡುಗಿಗೆ ಹೇಳಿರಲಿಲ್ಲ, ಅಷ್ಟೇ. "ಜೇಬಿಗೊಂದು ಮುಚ್ಚಳ ಹೊಲಿಸ್ಕೊಳ್ಳೋಕೆ ಹೇಳಿ ಮಗಳಿಗೆ."

ಮಾತಿನ ಉಳಿದರ್ಧ ಎಲ್ಲರಿಗೂ ಬಾಯಿಪಾಠವಿತ್ತು. ಬಡಗಿ ನೆಲ ನೋಡಿದ. ಡಾಕ್ಟರ್ ಸೀಸೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದ.

"ಹೂಂ," ಎಂದ. "ಮುಚ್ಚಳಾನೇ ಹೊಲಿಸ್ಬೇಕು. ಕಸುಬಂತೂ ಬಿಡೋಳಲ್ಲ ಅವಳು."